ಮೂರನೇ ಸೆಮ್ ಡೇಟಾ ಸ್ಟ್ರಕ್ಚರ್ಸ್: ಪ್ರೋಗ್ರಾಂ ಬಾಯಿಪಾಠ ಇದೆ, ಲ್ಯಾಬಲ್ಲಿ ಮಾತ್ರ ಓಡ್ತಿಲ್ಲ

ಸೆಮ್‌ಮೂರು_ಹಾಸನ

ಎಲ್ಲರಿಗೂ ನಮಸ್ಕಾರ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್, ಸಿಎಸ್‌ಇ (ಕಂಪ್ಯೂಟರ್ ಸೈನ್ಸ್). ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನ 7ನೇ ಪ್ರೋಗ್ರಾಂನಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ. ಸ್ಟೂಡೆಂಟ್ ಡೇಟಾದ ಸಿಂಗ್ಲಿ ಲಿಂಕ್ಡ್ ಲಿಸ್ಟ್ (ಪ್ರತಿ ನೋಡಿನಲ್ಲೂ ಮುಂದಿನ ನೋಡಿನ ವಿಳಾಸ ಇರೋ ಸರಪಳಿ) ಅದು: ಯುಎಸ್‌ಎನ್ (ವಿದ್ಯಾರ್ಥಿಯ ಯೂನಿವರ್ಸಿಟಿ ನಂಬರ್), ಹೆಸರು, ಪ್ರೋಗ್ರಾಂ (ಸಿಎಸ್‌ಇ ಥರದ ಕೋರ್ಸ್), ಸೆಮ್, ಫೋನ್ ನಂಬರ್.

ಮೊದಲನೇದು, ಇನ್ಸರ್ಟ್ ಆಯ್ತು ಅಂತ ಬರುತ್ತೆ, ಡಿಸ್‌ಪ್ಲೇ ಒತ್ತಿದ್ರೆ ಲಿಸ್ಟ್ ಖಾಲಿ ಅನ್ನುತ್ತೆ. ಎರಡನೇದು, ಕೆಲವು ಹೆಸರು ಕೊಟ್ಟಾಗ ಪ್ರೋಗ್ರಾಂ ಯಾವುದು ಅಂತ ಕಾಯದೆ ನೇರ ಸೆಮ್ ಕೇಳುತ್ತೆ. ಫೋನ್ ನಂಬರೂ ಕೊಟ್ಟಿದ್ದೊಂದು, ತೋರಿಸೋದೊಂದು. ಮೂರನೇದು, ಡಿಲೀಟ್ ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗಿ ಓಡುತ್ತೆ, ಲ್ಯಾಬ್ ಮೆಷಿನಲ್ಲಿ ಸೆಗ್ಮೆಂಟೇಶನ್ ಫಾಲ್ಟ್ (ತಪ್ಪು ಮೆಮೊರಿ ಮುಟ್ಟಿ ನಿಂತುಹೋಗೋದು).

12 ಪ್ರೋಗ್ರಾಂಗಳನ್ನೂ ಮ್ಯಾನುಯಲ್ ನೋಡಿ ಬಾಯಿಪಾಠ ಮಾಡ್ತಿದ್ದೀನಿ. ಒಂದು ಸಾಲು ಮರೆತರೆ ಮುಂದಕ್ಕೆ ಕೈ ಓಡಲ್ಲ. ಪರೀಕ್ಷೆಗೆ ಇನ್ನು ಆರು ವಾರ ಇದೆ. ಹೇಗೆ ಓದಬೇಕು ಅಂತ ದಯವಿಟ್ಟು ಹೇಳಿ.

ಕೋಡ್_ಕಣಜ

ಮೊದಲನೇ ತೊಂದರೆಯಿಂದ ಶುರು ಮಾಡ್ತೀನಿ. ಅದು ಅರ್ಥವಾದ್ರೆ ಪಾಯಿಂಟರ್ (ಮೆಮೊರಿಯ ವಿಳಾಸ ಇಡೋ ವೇರಿಯಬಲ್) ಮುಕ್ಕಾಲು ಭಾಗ ಅರ್ಥವಾದಂತೆ.

ಒಂದು ಹಾಳೆ ತಗೊಂಡು ಮೇಲೆ ‘ಮೇನ್’ ಅಂತ ಬರೆದು ಒಂದು ಚೌಕ ಹಾಕಿ. ಚೌಕದ ಹೆಸರು ‘ಫಸ್ಟ್’ (ಲಿಸ್ಟಿನ ಮೊದಲ ನೋಡಿನ ವಿಳಾಸ ಇಡೋ ಪಾಯಿಂಟರ್), ವಿಳಾಸ 100 ಅಂತಿಟ್ಕೊಳ್ಳಿ, ಒಳಗೆ ನಲ್ (ಯಾವ ವಿಳಾಸವೂ ಇಲ್ಲ). ಈಗ ಇನ್ಸರ್ಟ್ ಫಂಕ್ಷನ್ನಿಗೆ ಫಸ್ಟನ್ನು ಕೊಟ್ಟು ಕರೆದಿರಿ. ಸಿ ಭಾಷೆ ಆ ಚೌಕವನ್ನೇ ಕೊಡಲ್ಲ, ಒಳಗಿನ ಬೆಲೆಯ ನಕಲು ಕೊಡುತ್ತೆ. ಹಾಗಾಗಿ ಇನ್ಸರ್ಟ್ ಒಳಗೆ ಇನ್ನೊಂದು ಚೌಕ ಬರೀರಿ: ಹೆಸರು ಅದೇ ‘ಫಸ್ಟ್’, ವಿಳಾಸ 500, ಒಳಗೆ ನಲ್. ಮ್ಯಾಲಾಕ್ ಮಾಡಿದಾಗ (ಮೆಮೊರಿ ಕೇಳಿದಾಗ) ಹೊಸ ನೋಡ್ 9000ದಲ್ಲಿ ಸಿಕ್ಕಿತು. ನೀವು 9000 ಅಂತ ಬರೆದದ್ದು 500ರ ಚೌಕದಲ್ಲಿ. ಫಂಕ್ಷನ್ ಮುಗಿದ ಕೂಡಲೇ 500ರ ಚೌಕ ಅಳಿಸಿಹೋಯ್ತು. ಮೇನ್‌ನ 100ರಲ್ಲಿ ಇನ್ನೂ ನಲ್ಲೇ ಇದೆ. 9000ದ ನೋಡ್ ಮೆಮೊರಿಯಲ್ಲಿ ಇದ್ದರೂ ಅದರ ವಿಳಾಸ ಯಾರ ಹತ್ತಿರವೂ ಇಲ್ಲ.

ಸರಿಮಾಡೋಕೆ ಎರಡು ದಾರಿ. ಇನ್ಸರ್ಟ್ ಹೊಸ ಫಸ್ಟನ್ನು ರಿಟರ್ನ್ ಮಾಡಲಿ, ಮೇನ್‌ನಲ್ಲಿ ಅದನ್ನು ಮತ್ತೆ ಫಸ್ಟಿಗೇ ಹಾಕಿಕೊಳ್ಳಿ. ಇಲ್ಲವೇ ಫಸ್ಟಿನ ವಿಳಾಸವನ್ನೇ, ಅಂದ್ರೆ 100ನ್ನು, ಕಳಿಸಿ. ಆಗ ಪ್ಯಾರಾಮೀಟರ್ ಎರಡು ನಕ್ಷತ್ರದ ಪಾಯಿಂಟರ್ ಆಗುತ್ತೆ. ಮೂರನೇ ಸೆಮ್ಮಿಗೆ ಮೊದಲನೇ ದಾರಿಯೇ ಒಳ್ಳೇದು. ರಿಟರ್ನ್ ಮಾಡಿ ಮೇನ್‌ನಲ್ಲಿ ಹಿಡಿದುಕೊಳ್ಳದೇ ಇದ್ದರೆ ಮತ್ತೆ ಅದೇ ಖಾಲಿ ಲಿಸ್ಟ್.

ಇನ್ನೊಂದು ಸಾಧ್ಯತೆಯೂ ಇದೆ. ಬಹಳ ಮ್ಯಾನುಯಲ್‌ಗಳಲ್ಲಿ ಫಸ್ಟ್ ಗ್ಲೋಬಲ್ ಆಗಿರುತ್ತೆ. ಅದನ್ನು ಹಾಗೇ ಬಿಟ್ಟು ಫಂಕ್ಷನ್ನಿಗೂ ಅದೇ ಹೆಸರಿನ ಪ್ಯಾರಾಮೀಟರ್ ಸೇರಿಸಿದ್ರೆ, ಒಳಗಡೆ ಪ್ಯಾರಾಮೀಟರಿನದ್ದೇ ಆಟ, ಗ್ಲೋಬಲ್ ಮರೆಯಾಗುತ್ತೆ. ಎರಡು ಕಡೆಯಿಂದ ಕೋಡ್ ತಂದು ಜೋಡಿಸಿದಾಗ ಇದು ಆಗೇ ಆಗುತ್ತೆ. ನಿಮ್ಮ ಕೋಡಲ್ಲಿ ಮೊದಲು ಇದನ್ನೇ ನೋಡಿ.

ಬಫರ್_ಭಟ್ಟ

ಎರಡನೇದು ಇನ್‌ಪುಟ್ ತೊಂದರೆ, ಲಿಂಕ್ಡ್ ಲಿಸ್ಟಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಹೆಸರುಗಳ ಕೊನೆಗೆ ಇನಿಷಿಯಲ್ ಇರುತ್ತಲ್ಲ, ಅಲ್ಲೇ ಎಡವಟ್ಟು. ಸ್ಕ್ಯಾನ್‌ಎಫ್‌ನ ಪರ್ಸೆಂಟ್ ಎಸ್ (ಅಕ್ಷರಗಳನ್ನು ಓದೋ ಗುರುತು) ಖಾಲಿ ಜಾಗ ಕಂಡ ತಕ್ಷಣ ನಿಲ್ಲುತ್ತೆ. ‘ಸೌಮ್ಯ ಎಸ್’ ಅಂತ ಕೊಟ್ರೆ ಹೆಸರಿಗೆ ‘ಸೌಮ್ಯ’ ಹೋಯ್ತು, ಉಳಿದ ‘ಎಸ್’ ಬಫರಲ್ಲಿ (ಟೈಪ್ ಮಾಡಿದ್ದು ಓದೋವರೆಗೆ ಕಾಯೋ ಜಾಗ) ಕೂತಿದೆ. ಮುಂದಿನ ಸ್ಕ್ಯಾನ್‌ಎಫ್ ನಿಮಗಾಗಿ ಕಾಯದೆ ಅದನ್ನೇ ಪ್ರೋಗ್ರಾಂ ಅಂತ ತಗೊಳ್ಳುತ್ತೆ. ಪರದೆ ಮೇಲೆ ‘ಸೆಮ್’ ಅಂತ ಇದ್ದರೂ ನೀವು ಪ್ರೋಗ್ರಾಂ ಕೇಳ್ತಿದೆ ಅಂದುಕೊಂಡು ‘ಸಿಎಸ್‌ಇ’ ಅಂತ ಟೈಪ್ ಮಾಡ್ತೀರಿ. ಪರ್ಸೆಂಟ್ ಡಿಗೆ ಅಂಕಿ ಬೇಕು, ಅಕ್ಷರ ಸಿಕ್ತು, ಓದದೆ ಅಲ್ಲೇ ಬಿಡ್ತು. ಫೋನ್ ನಂಬರೂ ಪರ್ಸೆಂಟ್ ಡಿ ಆದ್ರೆ ಅದೂ ಬಿಡ್ತು. ಮೆನುವಿನ ಆಯ್ಕೆಯೂ ಬಿಡ್ತು. ಆಯ್ಕೆಯ ವೇರಿಯಬಲ್ ಲೂಪಿನ ಹೊರಗಿದ್ದರೆ ಅದರಲ್ಲಿ ಹಳೇ 1 ಹಾಗೇ ಇದೆ. ಮತ್ತೆ ಇನ್ಸರ್ಟ್ ಶುರುವಾಗಿ, ಎರಡನೇ ನೋಡಿನ ಯುಎಸ್‌ಎನ್ ಜಾಗದಲ್ಲಿ ‘ಸಿಎಸ್‌ಇ’ ಬಂದು ಕೂರುತ್ತೆ.

ಎಲ್ಲವನ್ನೂ ಎಫ್‌ಗೆಟ್ಸ್‌ನಿಂದ ಸಾಲುಸಾಲಾಗಿ ಓದಿ. 100 ಬೈಟಿನ ಒಂದು ಸಾಮಾನ್ಯ ಅರೇಗೆ ಸಾಲನ್ನು ತಗೊಳ್ಳಿ, ಕೊನೆಯ ನ್ಯೂಲೈನ್ ಅಳಿಸಿ, ಉದ್ದ ನೋಡಿಕೊಂಡು ಆಮೇಲೆ ಆಯಾ ಫೀಲ್ಡಿಗೆ ಕಾಪಿ ಮಾಡಿ. ಅಂಕಿ ಬೇಕಾದಾಗ ಅದೇ ಸಾಲಿಂದ ಎಸ್‌ಸ್ಕ್ಯಾನ್‌ಎಫ್ ಮಾಡಿ. ಅರ್ಧ ಸ್ಕ್ಯಾನ್‌ಎಫ್, ಅರ್ಧ ಎಫ್‌ಗೆಟ್ಸ್ ಬೆರೆಸಬೇಡಿ. ಸ್ಕ್ಯಾನ್‌ಎಫ್ ಬಿಟ್ಟುಹೋದ ನ್ಯೂಲೈನನ್ನು ಎಫ್‌ಗೆಟ್ಸ್ ಖಾಲಿ ಸಾಲು ಅಂತ ಓದಿಬಿಡುತ್ತೆ.

ಅರೇ ಅಳತೆ ಕೂಡ ನೋಡಿ. ಯುಎಸ್‌ಎನ್ 10 ಅಕ್ಷರ. ಸ್ಟ್ರಿಂಗ್ ಮುಗೀತು ಅಂತ ತೋರಿಸೋ ಕೊನೆಯ ಸೊನ್ನೆ ಸೇರಿ ಕನಿಷ್ಠ 11 ಬೈಟ್ ಬೇಕು. 10 ಕೊಟ್ಟಿದ್ರೆ ಆ ಸೊನ್ನೆ ಪಕ್ಕದ ಫೀಲ್ಡಿನ ಮೊದಲ ಬೈಟಲ್ಲಿ ಬೀಳುತ್ತೆ. ಆಮೇಲೆ ಹೆಸರು ಅಲ್ಲಿ ಬಂದು ಕೂತರೆ ಸೊನ್ನೆ ಹೋಗಿ, ಯುಎಸ್‌ಎನ್ ಪ್ರಿಂಟ್ ಮಾಡಿದಾಗ ಹೆಸರೂ ಅಂಟಿಕೊಂಡು ಬರುತ್ತೆ.

ಫೋನ್ ನಂಬರ್ ಇಂಟಲ್ಲಿ (ಪೂರ್ಣಾಂಕದ ವೇರಿಯಬಲ್) ಇಡೋಹಾಗಿಲ್ಲ. 4 ಬೈಟಿನ ಇಂಟಿನ ಗರಿಷ್ಠ ಬೆಲೆ 2147483647. ನಮ್ಮ ಮೊಬೈಲ್ ನಂಬರ್ 6, 7, 8, 9ರಿಂದ ಶುರುವಾಗೋ ಹತ್ತಂಕಿ, ಒಂದೂ ಹಿಡಿಸಲ್ಲ. ಫೋನ್ ನಂಬರನ್ನು ಕೂಡೋದೂ ಇಲ್ಲ, ಕಳೆಯೋದೂ ಇಲ್ಲ. ಸ್ಟ್ರಿಂಗ್ ಮಾಡಿ, 11 ಬೈಟ್ ಕೊಡಿ.

ಕೋಡ್_ಕಣಜ

ಮೂರನೇದಕ್ಕೆ ಬರೋಣ. ನಿಮ್ಮ ಡಿಲೀಟಲ್ಲಿ ‘ಮೊದಲು ಫ್ರೀ, ಆಮೇಲೆ ಅದರ ಲಿಂಕ್ ಓದು’ ಅನ್ನೋ ಕ್ರಮ ಇರಬಹುದು. ಫ್ರೀ ಮಾಡಿದ (ವಾಪಸ್ ಕೊಟ್ಟ) ಜಾಗದಲ್ಲಿ ಹಳೇ ಬೆಲೆ ಕೆಲವೊಮ್ಮೆ ಹಾಗೇ ಉಳಿದಿರುತ್ತೆ, ಅದಕ್ಕೇ ಮನೆಯಲ್ಲಿ ಓಡಿತು. ಓಡಿದ ಮಾತ್ರಕ್ಕೆ ಸರಿ ಅಂತಲ್ಲ. ಸರಿಯಾದ ಕ್ರಮ: ಟೆಂಪ್‌ಗೆ ಫಸ್ಟ್ ಹಾಕಿ, ಫಸ್ಟನ್ನು ಮುಂದಿನ ನೋಡಿಗೆ ಸರಿಸಿ, ಕೊನೆಗೆ ಟೆಂಪ್ ಫ್ರೀ ಮಾಡಿ. ಕೊನೆಯಿಂದ ಡಿಲೀಟ್ ಮಾಡುವಾಗ ಒಂದೇ ನೋಡ್ ಇದ್ದರೆ ‘ಹಿಂದಿನ ನೋಡ್’ ಅನ್ನೋದೇ ಇರಲ್ಲ, ಆ ಪಾಯಿಂಟರ್ ನಲ್ ಆಗಿರುತ್ತೆ. ನಲ್‌ನ ಲಿಂಕಿಗೆ ಕೈಹಾಕಿದ್ರೆ ಅಲ್ಲೇ ಸೆಗ್ಮೆಂಟೇಶನ್ ಫಾಲ್ಟ್. ಹಾಗಾಗಿ ಪ್ರತಿ ಫಂಕ್ಷನ್ನನ್ನೂ ಮೂರು ಸಲ ಪರೀಕ್ಷಿಸಿ: ಸೊನ್ನೆ ನೋಡ್, ಒಂದು ನೋಡ್, ಮೂರು ನೋಡ್.

ಲಿನಕ್ಸಲ್ಲಿ ಜಿಸಿಸಿ ಕಂಪೈಲರಿಗೆ ಮೂರು ಆಪ್ಶನ್ ಸದಾ ಕೊಡಿ: ಮುಖ್ಯ ಎಚ್ಚರಿಕೆಗಳನ್ನು ತೋರಿಸೋ ವಾಲ್, ಡೀಬಗ್ ಮಾಹಿತಿಗೆ ಜಿ, ಮತ್ತೆ ಅಡ್ರೆಸ್ ಸ್ಯಾನಿಟೈಸರ್. ಫ್ರೀ ಮಾಡಿದ ಜಾಗ ಮುಟ್ಟಿದ ಕ್ಷಣವೇ ಸ್ಯಾನಿಟೈಸರ್ ಪ್ರೋಗ್ರಾಂ ನಿಲ್ಲಿಸಿ, ಯಾವ ಸಾಲಲ್ಲಿ ಮುಟ್ಟಿದಿರಿ, ಯಾವ ಸಾಲಲ್ಲಿ ಫ್ರೀ ಮಾಡಿದಿರಿ ಅಂತ ಎರಡನ್ನೂ ಹೇಳುತ್ತೆ. ವಿಂಡೋಸಿನ ಮಿನ್‌ಜಿಡಬ್ಲ್ಯು ಜಿಸಿಸಿಯಲ್ಲಿ ಇದು ಸಾಮಾನ್ಯವಾಗಿ ಸಿಗಲ್ಲ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ.

ಧಾರ್ವಾಡ_ಪೇಢೆ

ಬಾಯಿಪಾಠದ ವಿಷಯಕ್ಕ ಹೇಳ್ತೀನಿ ನೋಡ್ರಿ. ಕೋಡ್ ನೆನಪಿಡಬ್ಯಾಡ್ರಿ, ಚಿತ್ರ ನೆನಪಿಡ್ರಿ. 10ನೇ ಪ್ರೋಗ್ರಾಂ ತಗೋರಿ, ಬೈನರಿ ಸರ್ಚ್ ಟ್ರೀ (ಸಣ್ಣದು ಎಡಕ್ಕ, ದೊಡ್ಡದು ಬಲಕ್ಕ ಹೋಗೂ ಗಿಡ). ಅಂಕಿ ಅವರ ಕೊಟ್ಟಾರ: 6, 9, 5, 2, 8, 15, 24, 14, 7, 8, 5, 2. ಕಂಪ್ಯೂಟರ್ ಮುಟ್ಟೋಕಿಂತ ಮೊದಲ ಹಾಳಿ ಮ್ಯಾಲೆ ಗಿಡ ಬಿಡಸ್ರಿ. 6 ಬೇರು. 9 ಬಲಕ್ಕ, 5 ಎಡಕ್ಕ, 2 ಐದರ ಎಡಕ್ಕ, 8 ಒಂಬತ್ತರ ಎಡಕ್ಕ, 15 ಒಂಬತ್ತರ ಬಲಕ್ಕ, 24 ಹದಿನೈದರ ಬಲಕ್ಕ, 14 ಹದಿನೈದರ ಎಡಕ್ಕ, 7 ಎಂಟರ ಎಡಕ್ಕ. ಕಡೀ ಮೂರು ಅಂಕಿ ಮೊದಲ ಬಂದಾವ. ಮತ್ತ ಬಂದದ್ದನ್ನ ಬಿಡೂದೋ, ಬಲಕ್ಕ ಹಾಕೂದೋ ಅಂತ ನೀವ ತೀರ್ಮಾನ ಮಾಡ್ರಿ, ವೈವಾದಾಗ ಇದನ್ನ ಕೇಳ್ತಾರ.

ಬಿಟ್ರ ಇನ್‌ಆರ್ಡರ್ (ಎಡ, ಬೇರು, ಬಲ) 2, 5, 6, 7, 8, 9, 14, 15, 24 ಬರಬೇಕು. ಪ್ರೀಆರ್ಡರ್ (ಬೇರು, ಎಡ, ಬಲ) 6, 5, 2, 9, 8, 7, 15, 14, 24. ಪೋಸ್ಟ್‌ಆರ್ಡರ್ (ಎಡ, ಬಲ, ಬೇರು) 2, 5, 7, 8, 14, 24, 15, 9, 6. ಇನ್‌ಆರ್ಡರ್ ಏರಿಕೆ ಕ್ರಮದಾಗ ಬರಲಿಲ್ಲ ಅಂದ್ರ ತಪ್ಪು ಇನ್ಸರ್ಟಿನಾಗ ಐತಿ ಇಲ್ಲಾ ಟ್ರಾವರ್ಸಲ್‌ನಾಗ ಐತಿ; ಪ್ರೀಆರ್ಡರ್ ಹಾಳಿಗೆ ಹೊಂದಿತಂದ್ರ ಗಿಡ ಸರಿ ಬೆಳದೈತಿ, ಇನ್‌ಆರ್ಡರಿನ ಮೂರು ಸಾಲಿನ ಕ್ರಮ ನೋಡ್ರಿ.

ದಿನಾ ಒಂದ ತಾಸು ಸಾಕು. 20 ನಿಮಿಷ ಚಿತ್ರ, 30 ನಿಮಿಷ ಪುಸ್ತಕ ಮುಚ್ಚಿ ಕೋಡ್, 10 ನಿಮಿಷ ಮ್ಯಾನುಯಲ್ ಜೋಡಿ ಹೋಲಿಸೂದು. ವಾರಕ್ಕ ಎರಡು ಪ್ರೋಗ್ರಾಂ ಅಂದ್ರ ಆರು ವಾರಕ್ಕ ಹನ್ನೆರಡೂ ಆಗ್ತಾವ.

ಮಾರ್ಕ್ಸ್_ಲೆಕ್ಕ

ಅಂಕದ ಲೆಕ್ಕವನ್ನೂ ತಲೆಯಲ್ಲಿಟ್ಟುಕೊಳ್ಳಿ. ಥಿಯರಿ ಪೇಪರ್ 3 ಗಂಟೆ, 100 ಅಂಕ, ಆಮೇಲೆ 50ಕ್ಕೆ ಇಳಿಸ್ತಾರೆ. 5 ಮಾಡ್ಯೂಲ್, ಪ್ರತಿಯೊಂದರಲ್ಲೂ ಎರಡರಲ್ಲಿ ಒಂದು ಪೂರ್ತಿ ಪ್ರಶ್ನೆ, ತಲಾ 20. ಅಂದ್ರೆ ಒಂದಕ್ಕೆ 36 ನಿಮಿಷ. ಸಿಐಇಯಲ್ಲಿ (ಇಂಟರ್ನಲ್ಸ್) 50ಕ್ಕೆ 20, ಎಸ್‌ಇಇಯಲ್ಲಿ (ಸೆಮ್ ಕೊನೆಯ ಪರೀಕ್ಷೆ) 50ಕ್ಕೆ 18, ಎರಡೂ ಸೇರಿ 100ಕ್ಕೆ 40 ಬೇಕು. 20 ಮತ್ತು 18 ಕೂಡಿದ್ರೆ 38 ಮಾತ್ರ. ಎರಡರಲ್ಲೂ ಅಂಚಿನಲ್ಲಿ ನಿಂತರೆ ಫೇಲ್. ಇಂಟರ್ನಲ್ಸ್ ಬಿಟ್ಟುಕೊಡಬೇಡಿ.

ಲ್ಯಾಬ್ ಪರೀಕ್ಷೆಗೆ ಸೂಚಿಸಿರೋ ಹಂಚಿಕೆ ರೈಟಪ್‌ಗೆ ಶೇ 20, ಮಾಡಿ ತೋರಿಸೋದಕ್ಕೆ 60, ವೈವಾಗೆ 20. ಸಿಕ್ಕ ಪ್ರೋಗ್ರಾಂ ಬದಲಾಯಿಸೋದು ಒಂದೇ ಸಲ, ಅದಕ್ಕೆ ಅಂಕವೂ ಕಡಿತ.

ಇಂಗ್ಲಿಷ್ ವಿಚಾರ: ವಿವರಣೆಯನ್ನು ನಿಮಗೆ ನೀವೇ ಕನ್ನಡದಲ್ಲೇ ಹೇಳಿಕೊಳ್ಳಿ, ಆದ್ರೆ ಉತ್ತರದ ಮೊದಲ ವಾಕ್ಯವನ್ನು, ಅಂದ್ರೆ ಡೆಫಿನಿಷನ್ನನ್ನು, ಇಂಗ್ಲಿಷಲ್ಲಿ ಬರೆದು ಅಭ್ಯಾಸ ಮಾಡಿ. ಅದರ ಕೆಳಗೆ ಹೆಸರು ಗುರುತಿಸಿದ ಚಿತ್ರ, ಆಮೇಲೆ ಒಂದು ಟ್ರೇಸ್ (ಹಂತಹಂತವಾಗಿ ಬೆಲೆ ಬದಲಾಗೋದನ್ನು ತೋರಿಸೋದು). ವ್ಯಾಕರಣ ತಪ್ಪಿದರೂ ಟ್ರೇಸ್ ಸರಿಯಿದ್ದರೆ ಅಂಕ ಬರುತ್ತೆ.

ಸೆಮ್‌ಮೂರು_ಹಾಸನ

ತುಂಬಾ ಥ್ಯಾಂಕ್ಸ್. ಫಸ್ಟ್ ಗ್ಲೋಬಲ್ಲೂ ಇತ್ತು, ಪ್ಯಾರಾಮೀಟರೂ ಇತ್ತು. ಪ್ಯಾರಾಮೀಟರ್ ತೆಗೆದೆ, ಈಗ ಲಿಸ್ಟ್ ಕಾಣ್ತಿದೆ. ಇನ್ನೊಂದು ಕೇಳ್ತೀನಿ: 6ನೇ ಪ್ರೋಗ್ರಾಂ ಸರ್ಕ್ಯುಲರ್ ಕ್ಯೂನಲ್ಲಿ (ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಗೆ ತಿರುಗೋ ಸಾಲು) ಒಂದು ಎಲಿಮೆಂಟ್ ಹಾಕಿ ತೆಗೆದ್ರೆ, ಖಾಲಿ ಕ್ಯೂಗೆ ‘ಓವರ್‌ಫ್ಲೋ’ ಅಂತ ಬರ್ತಿದೆ. ಸೈಜ್ 5.

ಬಫರ್_ಭಟ್ಟ

ಫ್ರಂಟ್ (ತೆಗೆಯೋ ತುದಿ), ರಿಯರ್ (ಹಾಕೋ ತುದಿ) ಎರಡೂ ಮೈನಸ್ 1ರಿಂದ ಶುರು ಮಾಡಿದ್ದೀರಿ ಅಂತ ಕಾಣುತ್ತೆ. ‘ಎ’ ಹಾಕಿದಾಗ ಎರಡೂ 0 ಆದವು. ತೆಗೆದಾಗ ಫ್ರಂಟನ್ನು ಒಂದು ಮುಂದೆ ಸರಿಸಿದಿರಿ: ಫ್ರಂಟ್ 1, ರಿಯರ್ 0. ಈಗ ತುಂಬಿದೆಯಾ ಅಂತ ನೋಡೋ ಷರತ್ತು: ರಿಯರ್‌ಗೆ 1 ಕೂಡಿಸಿ 5ರಿಂದ ಭಾಗಿಸಿದಾಗ ಬರೋ ಶೇಷ ಫ್ರಂಟಿಗೆ ಸಮವಾ? ಶೇಷ 1, ಫ್ರಂಟೂ 1. ಅದಕ್ಕೇ ಓವರ್‌ಫ್ಲೋ.

ಡಿಲೀಟಲ್ಲಿ ಎಲಿಮೆಂಟ್ ತೆಗೆದ ಮೇಲೆ, ಫ್ರಂಟ್ ಸರಿಸೋ ಮುಂಚೆ, ಫ್ರಂಟ್ ಮತ್ತು ರಿಯರ್ ಸಮವಾ ಅಂತ ನೋಡಿ. ಸಮ ಇದ್ದರೆ ಅದೇ ಕೊನೆಯ ಎಲಿಮೆಂಟ್. ಎರಡನ್ನೂ ಮತ್ತೆ ಮೈನಸ್ 1 ಮಾಡಿ. ಇಲ್ಲದಿದ್ದರೆ ಮಾತ್ರ ಸರಿಸಿ. ಆಮೇಲೆ ಐದು ಹಾಕಿ, ಎರಡು ತೆಗೆದು, ಮತ್ತೆ ಎರಡು ಹಾಕಿ ನೋಡಿ. ರಿಯರ್ 1, ಫ್ರಂಟ್ 2ಕ್ಕೆ ಬಂದು ನಿಲ್ಲಬೇಕು, ಆರನೇದು ಹಾಕೋಕೆ ಹೋದ್ರೆ ಆಗ ಬರೋ ಓವರ್‌ಫ್ಲೋ ಸರಿಯಾದದ್ದು.