ಅಜ್ಜಿಯ ಮುಡಿಪಿನ ಸ್ಟೀಲ್ ನಾಣ್ಯಗಳು: ಇದು ತುಕ್ಕಾ, ಅರಿಶಿನವಾ?

ಪಾಂಡವಪುರದ ಮೊಮ್ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿ ತಿರುಪತಿಗೆ ಅಂತ ಅರಿಶಿನದ ಬಟ್ಟೇಲಿ ಮುಡಿಪು ಕಟ್ಟಿಟ್ಟಿದ್ರು. ಹೋಗೋಕೆ ಆಗ್ಲೇ ಇಲ್ಲ, ತೀರ್ಕೊಂಡ್ರು. ಮೊನ್ನೆ ಕಬ್ಬಿಣದ ಟ್ರಂಕಿನ ತಳದಲ್ಲಿ ಆ ಗಂಟು ಸಿಕ್ತು. ಒಳಗೆ 10 ಪೈಸೆ, ಘೇಂಡಾಮೃಗದ ನಾಲ್ಕಾಣೆ, ಒಂದು ರೂಪಾಯಿ, ಹೆಚ್ಚಿನವು 1988ರಿಂದ 1996ರವು. ಘೇಂಡಾಮೃಗದ ಬೆನ್ನ ಮೇಲೆಲ್ಲ ಕಿತ್ತಳೆ ಬಣ್ಣ. ಒಂದರ ಮೇಲೊಂದು ಅಂಟಿಕೊಂಡಿದ್ದ ಕಡೆ ಅರ್ಧಚಂದ್ರದ ಥರ ಕಂದು ಗೆರೆ. ಒಂದು ರೂಪಾಯಿಯ ಅಂಚಲ್ಲಿ ಮಾತ್ರ ಹಸಿರು. ಸ್ಟೀಲಿಗೂ ತುಕ್ಕು ಹಿಡಿಯುತ್ತಾ? ಅಮ್ಮ ಹುಣಸೆಹಣ್ಣು, ಉಪ್ಪು ಹಾಕಿ ಉಜ್ತೀನಿ ಅಂತಿದಾರೆ. ನಂಗೆ ಭಯ.

ಸರಸ್ವತಿಪುರಂ ಸಂಗ್ರಾಹಕ:
ಅಮ್ಮನ್ನ ಮೊದಲು ತಡೀರಿ. ಹುಣಸೆಹಣ್ಣು ತಾಮ್ರ, ಹಿತ್ತಾಳೆಗೆ ಸರಿ. ಉಪ್ಪು ಸ್ಟೀಲಿಗೆ ಶತ್ರು.

ನೋಡಮ್ಮ, ಸ್ಟೀಲಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡಿನ ಪದರ ಇರುತ್ತೆ, ಒಳಗಿನ ಕಬ್ಬಿಣವನ್ನ ಕಾಯೋದು ಅದೇ. ಗೀರಿದರೂ ಗಾಳಿ ತಾಗಿದ್ರೆ ತಾನಾಗಿ ಮತ್ತೆ ಕಟ್ಕೊಳ್ಳುತ್ತೆ. ಎರಡು ನಾಣ್ಯ ಅಂಟಿ ಕೂತ ಸಂದಿನಲ್ಲಿ ಬೆವರಿನ ಉಪ್ಪು, ತೇವ ನಿಂತು, ಗಾಳಿ ಹೋಗದೇ ಇದ್ರೆ ಪದರ ಅಲ್ಲೇ ಸೋಲುತ್ತೆ. ನಿಮ್ಮ ಅರ್ಧಚಂದ್ರ ಅದೇ ಇರಬೇಕು. ಅಲ್ಲಿ ಭೂತಗನ್ನಡಿ ಹಿಡಿದು ನೋಡಿ. ಸೂಜಿ ಚುಚ್ಚಿದಂಥ ಗುಳಿ ಕಂಡರೆ ಅದು ನಾಣ್ಯದ್ದೇ ತುಕ್ಕು.

ಕಿತ್ತಳೆ ಕಲೆ ಬೇರೆ ಕಥೆ. ಹತ್ತಿಯನ್ನ ಸೋಪು ನೀರಲ್ಲಿ ಅದ್ದಿ ಮೆಲ್ಲಗೆ ಒತ್ತಿ. ಹತ್ತಿ ಕೆಂಪಾದ್ರೆ ಅರಿಶಿನ. ಅರಿಶಿನದ ಸೀರೆ ಒಗೆಯುವಾಗ ನೋಡಿರ್ತೀರಲ್ಲ, ಹಾಗೆ. ತುಕ್ಕು ಹಾಗೆ ಬಣ್ಣ ಬದಲಿಸಲ್ಲ.

ಹಸಿರಿನದಕ್ಕೆ ಅಯಸ್ಕಾಂತ ಹಿಡೀರಿ. ಅಂಟದಿದ್ರೆ ಅದು ಸ್ಟೀಲೇ ಅಲ್ಲ. 1983ರಿಂದ 1991ರವರೆಗಿನ ರೂಪಾಯಿ ತಾಮ್ರ-ನಿಕಲ್ ಬೆರಕೆ, 6 ಗ್ರಾಂ. ಹಸಿರು ಅದರ ತಾಮ್ರದ್ದು. 1992ರಿಂದ ಬಂದ ಸ್ಟೀಲ್ ರೂಪಾಯಿ ಅಯಸ್ಕಾಂತಕ್ಕೆ ಟಕ್ ಅಂತ ಅಂಟುತ್ತೆ.

ನಾನೊಮ್ಮೆ ಹತ್ತು ಪೈಸೆಗಳನ್ನ ರಾತ್ರಿಯಿಡೀ ಬ್ಲೀಚಿಂಗ್ ಪುಡಿ ನೀರಲ್ಲಿ ನೆನೆಸಿಟ್ಟಿದ್ದೆ. ಬೆಳಗ್ಗೆ ನೋಡಿದ್ರೆ ಇಸವಿಯ ಕೆಳಗಿದ್ದ ಹೈದರಾಬಾದ್ ಟಂಕಸಾಲೆಯ ನಕ್ಷತ್ರವನ್ನೇ ಗುಳಿ ತಿಂದುಹಾಕಿತ್ತು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಪಾತ್ರೆ ಅಂಗಡಿ, ಮಂಡ್ಯ:
ಒಂದು ಮಾತು ಸೇರಿಸ್ತೀನಿ. ಟ್ರಂಕ್ ತುಕ್ಕು ಹಿಡಿದಿದ್ರೆ ಅದರ ಪುಡೀನೂ ನಾಣ್ಯದ ಮೇಲೆ ಕೂತಿರುತ್ತೆ. ಹಲ್ಲುಕಡ್ಡಿಯಿಂದ ಕೆದಕಿದ್ರೆ ಬಂದುಬಿಡುತ್ತೆ, ಕೆಳಗೆ ನುಣುಪಾಗೇ ಇರುತ್ತೆ. ಕಬ್ಬಿಣದ ನಾರಲ್ಲಿ ಮಾತ್ರ ಉಜ್ಜಬೇಡಿ ಅಕ್ಕ. ನಾರಿನ ಚೂರು ಗೀರಿನಲ್ಲಿ ಉಳಿದು ಅದೇ ತುಕ್ಕಾಗುತ್ತೆ. ಹೊಸ ತಟ್ಟೆ ಹೀಗಾಗಿದೆ ಅಂತ ವಾಪಸ್ ತರ್ತಾರೆ, ತಟ್ಟೆಯದು ತಪ್ಪೇ ಇರಲ್ಲ.

ಪಾಂಡವಪುರದ ಮೊಮ್ಮಗಳು:
ಹತ್ತಿ ಕೆಂಪಾಯ್ತು ಸರ್! ಘೇಂಡಾಮೃಗ ಪೂರ್ತಿ ಅರಿಶಿನ. ಹಸಿರಿಂದು 1985ರ ರೂಪಾಯಿ, ಅಯಸ್ಕಾಂತಕ್ಕೆ ಅಂಟಲಿಲ್ಲ. ಅರ್ಧಚಂದ್ರದ ನಾಲ್ಕರಲ್ಲಿ ಗುಳಿ ಇದೆ. ಏನು ಮಾಡಲಿ?

ಸರಸ್ವತಿಪುರಂ ಸಂಗ್ರಾಹಕ:
ಆ ನಾಲ್ಕನ್ನ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರಲ್ಲಿ ಎರಡು ಮೂರು ಸಲ ಅದ್ದಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಗುಳಿ ಮುಚ್ಚಲ್ಲ, ಬೆಳೆಯೋದು ನಿಲ್ಲಬೇಕು ಅಷ್ಟೆ. ಒಂದೊಂದನ್ನೂ ಬೇರೆ ಬೇರೆ ಕಾಗದದ ಪೊಟ್ಟಣದಲ್ಲಿಡಿ. ಅರಿಶಿನ ಲೋಹಕ್ಕೆ ಏನೂ ಮಾಡಲ್ಲ. ಘೇಂಡಾಮೃಗದ ಮೇಲೆ ಅದು ಹಾಗೇ ಇರಲಿ, ಅಜ್ಜಿಯ ಕೈ ಬಣ್ಣ ಅದು.