ಯೆಜ್ಡಿ ಕ್ಲಾಸಿಕ್: ತಣ್ಣಗಿದ್ದಾಗ ಎರಡೇ ಕಿಕ್, ನವಲೂರು ಬಂದ್ರೆ ಬಂದ್

ಅಣ್ಣಿಗೇರಿ ಹುಡುಗ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ಕೆಟ್ಟಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಗಾಡಿ ನಮ್ಮ ಅಜ್ಜನದು. 1984ರ ಯೆಜ್ಡಿ ಕ್ಲಾಸಿಕ್, 250 ಸಿಸಿ, ಎರಡು ಸ್ಟ್ರೋಕ್, ಪಾಯಿಂಟ್ ಮಾಡೆಲ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್ಚಿರುವ ಹಳೇ ಥರದ್ದು). ಅಣ್ಣಿಗೇರಿ ಮನೆಯ ದನದ ಕೊಟ್ಟಿಗೆಯಲ್ಲಿ ಹದಿನಾಲ್ಕು ವರ್ಷ ನಿಂತಿತ್ತು. ಮೇಲೆ ಹೊಟ್ಟಿನ ಚೀಲ, ಸೀಟಿನೊಳಗೆ ಇಲಿಯ ಸಂಸಾರ. ಹೋದ ದೀಪಾವಳಿಗೆ ಟಂಟಂನಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ತಂದೆ.

ಎಂಜಿನ್ ಮಾತ್ರ ಹೊರಗೆ ಕೊಟ್ಟಿದ್ದೆ. ಬೋರ್, ಹೊಸ ಪಿಸ್ಟನ್, ಕ್ರ್ಯಾಂಕ್ ಕೆಲಸ, ಸೀಲ್ (ಶಾಫ್ಟಿನ ಸುತ್ತ ಸೋರದ ಹಾಗೆ ತಡೆಯುವ ರಬ್ಬರ್ ಬಳೆ) ಎಲ್ಲ ಹೊಸದು ಅಂತ ಬಿಲ್ಲಿನಲ್ಲಿದೆ. ಉಳಿದದ್ದೆಲ್ಲ ಮನೆ ಹಿತ್ತಲಲ್ಲೇ ಮಾಡಿದೆ. ಟ್ಯಾಂಕಿನೊಳಗೆ ವಿನೆಗರ್ ಹಾಕಿ, ಹಳೇ ಚೈನ್ ಬಿಟ್ಟು, ಎರಡು ದಿನ ಅಲ್ಲಾಡಿಸಿ ತುಕ್ಕು ತೆಗೆದೆ, ಆಮೇಲೆ ಸೋಡಾ ನೀರಲ್ಲಿ ತೊಳೆದೆ. ಏರ್ ಫಿಲ್ಟರ್ ಡಬ್ಬಿ ತುಕ್ಕು ತಿಂದು ತೂತಾಗಿತ್ತು, ಅದಕ್ಕೆ ಕೋನ್ ಫಿಲ್ಟರ್ ಹಾಕಿದ್ದೇನೆ.

ಈಗ ಸಮಸ್ಯೆ. ಬೆಳಿಗ್ಗೆ ಎರಡೇ ಕಿಕ್‌ಗೆ ಚಾಲೂ. ಲಿವರ್ ಒಳಗೆ ಒತ್ತಿ ಮುಂದಕ್ಕೆ ತಿರುಗಿಸಿ ಗೇರ್ ಹಾಕಿದರೆ ಏನು ಮಜಾ ಅಂತೀರಿ. ಧಾರವಾಡದ ದಾರೀಲಿ ಉಣಕಲ್ ತನಕ ರಾಜನ ಥರ ಹೋಗುತ್ತೆ. ರಾಯಾಪುರ ಬಂದ್ರೆ ಕೆಮ್ಮು ಶುರು. ನವಲೂರಿನ ಹತ್ತಿರ ನಿಂತೇ ಬಿಡುತ್ತೆ. ಬಾಜೂಕ ಚಿಗರಿ ಬಸ್ಸು ಸುಂಯ್ ಅಂತ ಹೋಗ್ತಾ ಇದ್ರೆ ನಾನು ಗಾಡಿ ತಳ್ಳುತ್ತಾ ನಿಂತಿರುತ್ತೇನೆ. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗಿಯೇ ಇಲ್ಲ ಅನ್ನೋ ಹಾಗೆ ಮತ್ತೆ ಚಾಲೂ.

ಇಲ್ಲಿ ತನಕ ಕಿಡಿಗೆ ಬೇಕಾದ ಭಾಗಗಳಲ್ಲಿ ಕಂಡೆನ್ಸರ್ ಎರಡು, ಕಾಯಿಲ್ ಒಂದು, ಪ್ಲಗ್ ಮೂರು ಬದಲಿಸಿದ್ದೇನೆ. ಬಿಸಿ ಆಗದಿರಲಿ ಅಂತ ಪೆಟ್ರೋಲಿಗೆ ಬೆರೆಸುವ ಆಯಿಲ್ ಕೂಡ ಲೀಟರ್‌ಗೆ 60 ಎಂಎಲ್ ಹಾಕುತ್ತಿದ್ದೇನೆ. ಫರಕು ಇಲ್ಲ. ಮುಂದೆ ಏನು ಬದಲಿಸಲಿ?

ಎರಡು ಸ್ಟ್ರೋಕ್ (ಗದಗ)

ಮೊದಲು ಬದಲಿಸೋದು ನಿಲ್ಲಿಸಿ. ಕಂಡೆನ್ಸರ್ ಬಿಸಿಯಾದಾಗ ಕೈ ಕೊಡುತ್ತೆ ಅನ್ನೋದು ನಿಜ, ಕಾಯಿಲ್ ಕೂಡ. ಆದ್ರೆ ಗಾಡಿ ನಿಂತ ಆ ಹೊತ್ತಿಗೆ ಕಿಡಿ ಇತ್ತಾ ಇಲ್ವಾ ಅಂತ ನೀವು ನೋಡಿಯೇ ಇಲ್ಲ ಅಲ್ವಾ? ಮನೆಗೆ ಬಂದು ತಣ್ಣಗಾದ ಮೇಲೆ ನೋಡಿದರೆ ಎಲ್ಲ ಸರಿಯಾಗೇ ಇರುತ್ತೆ.

ಸಲ ಸಲಕ್ಕೂ ನವಲೂರಲ್ಲೇ ನಿಲ್ಲುತ್ತೆ ಅಂದ್ರೆ ಒಳ್ಳೇದೇ ಆಯ್ತು, ಪರೀಕ್ಷೆ ಅಲ್ಲೇ ಮಾಡಿ. ಜೇಬಲ್ಲಿ ಒಂದು ಪ್ಲಗ್, ಪ್ಲಗ್ ಪಾನಾ, ಒಂದು ಖಾಲಿ ನೀರಿನ ಬಾಟಲಿ ಇಟ್ಟುಕೊಳ್ಳಿ. ಗಾಡಿ ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಉಸ್ ಅಂತ ಶಬ್ದ ಬಂದು, ಆಮೇಲೆ ಗಾಡಿ ಚಾಲೂ ಆದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ ಅಂತ. ಪೇಂಟ್ ಮಾಡಿದವರಿಗೆಲ್ಲ ಇದು ಒಮ್ಮೆಯಾದರೂ ಆಗಿರುತ್ತೆ. ಆಮೇಲೆ ಪೆಟ್ರೋಲ್ ಪೈಪ್ ಬಿಚ್ಚಿ ಬಾಟಲಿಗೆ ಬಿಡಿ, ಒಂದು ನಿಮಿಷ. 60ರ ಸ್ಪೀಡಲ್ಲಿ ಲೀಟರ್‌ಗೆ 28 ಕಿಲೋಮೀಟರ್ ಕೊಡುತ್ತೆ ಅಂದುಕೊಂಡರೂ ನಿಮಿಷಕ್ಕೆ 36 ಎಂಎಲ್ ಸಾಕು. ಅದರ ನಾಲ್ಕು ಪಟ್ಟು ಬಂದರೆ ಟ್ಯಾಂಕಿನ ಕಡೆ ಮತ್ತೆ ನೋಡಬೇಡಿ. ಕೊನೆಗೆ ಜೇಬಿನ ಪ್ಲಗ್ಗನ್ನು ಹೆಡ್‌ಗೆ ತಾಗಿಸಿ ಕಿಡಿ ನೋಡಿ. ಎಂಜಿನ್ನಲ್ಲಿದ್ದ ಪ್ಲಗ್ಗಿನ ಬಣ್ಣವನ್ನೂ ಬರೆಯಿರಿ.

ಕೆಎ-63 ಕಿಕ್ಕರ್

ನನ್ನ ಸಲಹೆ ಏನಂದ್ರೆ ನವಲೂರಿನ ಆಚೆ ಕೆಲಸ ಇಟ್ಕೊಬೇಡಿ 😄 ಸುಮ್ನೆ ಅಂದೆ. ನನ್ನದೂ ಹಿಂಗೇ ಆಗಿತ್ತು, ಸೈಲೆನ್ಸರ್ ಕಾರ್ಬನ್ ಕಟ್ಟಿತ್ತು. ಅದರೊಳಗಿನ ಬ್ಯಾಫಲ್ (ಶಬ್ದ ತಗ್ಗಿಸೋ ಕೊಳವೆ) ಎರಡೂ ಕಿತ್ತು ಬಿಸಾಕಿ, ಸೌಂಡೂ ಮಸ್ತ್ ಬರುತ್ತೆ.

ಎರಡು ಸ್ಟ್ರೋಕ್ (ಗದಗ)

ಬಿಸಾಕಬೇಡಿ ಮಾರಾಯ್ರೆ. ಎರಡು ಸ್ಟ್ರೋಕಿಗೆ ಸೈಲೆನ್ಸರ್ ಅಂದ್ರೆ ಬರೀ ಹೊಗೆ ಹೋಗೋ ದಾರಿ ಅಲ್ಲ. ಬ್ಯಾಫಲ್ ತೆಗೆದರೆ ಶಬ್ದ ಜಾಸ್ತಿ, ಕೆಳಗಿನ ಪಿಕಪ್ ಕಡಿಮೆ, ಜೊತೆಗೆ ಪೊಲೀಸರ ದಂಡ. ಕಾಸ್ಟಿಕ್ ಸೋಡಾದಲ್ಲಿ ರಾತ್ರಿಯಿಡೀ ನೆನೆಹಾಕಿ ತೊಳೆದು ವಾಪಸ್ ಹಾಕಿ. ಕೈಗೆ ಗವಸು ಇರಲಿ.

ಅಣ್ಣಿಗೇರಿ ಹುಡುಗ

ಇವತ್ತು ಹೋಗಿ ಬಂದೆ. ಹೇಳಿದ ಹಾಗೆ ಅಲ್ಲೇ ನಿಂತಿತು.

ಮುಚ್ಚಳ ತೆಗೆದೆ, ಉಸ್ ಇಲ್ಲ, ಚಾಲೂನೂ ಆಗಲಿಲ್ಲ. ಪೆಟ್ರೋಲ್ ನಿಮಿಷಕ್ಕೆ ಸುಮಾರು 200 ಎಂಎಲ್ ಬಂತು. ಕಿಡಿ ನೋಡೋದೇ ಕಷ್ಟ ಆಯ್ತು. ಮಧ್ಯಾಹ್ನದ ಬಿಸಿಲು, ಏನೂ ಕಾಣಲ್ಲ. ಅಲ್ಲಿ ಪೇರಲ ಹಣ್ಣು ಮಾರುವ ಅಮ್ಮ ಒಬ್ಬರಿದ್ದಾರೆ, ಈಗ ನನ್ನ ಗುರುತು ಹಿಡಿಯುತ್ತಾರೆ. ಅವರ ಛತ್ರಿ ಇಸ್ಕೊಂಡು ಪ್ಲಗ್ಗಿಗೆ ನೆರಳು ಮಾಡಿ, ನಾನು ಕಿಕ್ ಹೊಡೆದೆ, ಅವರು ಬಗ್ಗಿ ನೋಡಿ "ನೀಲಿ ಬಣ್ಣದ್ದು ಚಟ್ ಚಟ್ ಅಂತೈತಿ" ಅಂದರು. ಅಂದರೆ ಕಿಡಿ ಇದೆ. ಹಾಗಿದ್ರೂ ಗಾಡಿ ಚಾಲೂ ಇಲ್ಲ!

ಪ್ಲಗ್ ಬಣ್ಣ ಸುಣ್ಣದ ಹಾಗೆ ಬೆಳ್ಳಗೆ. ಇನ್ನೊಂದು ಹೇಳೋದು ಮರೆತಿದ್ದೆ, ಸಂಬಂಧ ಇದೆಯೋ ಇಲ್ಲವೋ. ನಿಲ್ಲೋಕೆ ಸ್ವಲ್ಪ ಮುಂಚೆ ಆಕ್ಸಿಲೇಟರ್ ಪೂರ್ತಿ ಬಿಟ್ಟರೂ ಎಂಜಿನ್ ತಾನೇ ರೇಸ್ ಆಗುತ್ತೆ, ಐದಾರು ಸೆಕೆಂಡ್ ಹಾಗೇ ಕೂಗುತ್ತೆ.

ಹಾವೇರಿ ಕಾಕಾ

ತಮ್ಮಾ, ಮರೆತಿದ್ದೆ ಅಂದ್ಯಲ್ಲ, ಅದನ್ನೇ ಮೊದಲು ಬರೆದಿದ್ದರೆ ಎರಡು ಕಂಡೆನ್ಸರ್ ದುಡ್ಡು ಉಳೀತಿತ್ತು.

ಬೆಳ್ಳಗಿನ ಪ್ಲಗ್, ತಾನೇ ರೇಸ್ ಆಗೋದು, ಕಿಡಿ ಇದ್ದೂ ಹತ್ತದೇ ಇರೋದು, ಮೂರೂ ಸೇರಿದರೆ ಒಂದೇ ಮಾತು: ಎಲ್ಲೋ ಕಳ್ಳಗಾಳಿ ಎಳೀತಿದೆ. ಎರಡು ಸ್ಟ್ರೋಕಿನಲ್ಲಿ ಪಿಸ್ಟನ್ ಕೆಳಗಿನ ಗೂಡು, ಕ್ರ್ಯಾಂಕ್ ಕೇಸ್, ಅಂದ್ರೆ ಪಂಪು. ಪಿಸ್ಟನ್ ಮೇಲೆ ಹೋದಾಗ ಕಾರ್ಬೊರೇಟರ್‌ನಿಂದ ಎಳೆದುಕೊಳ್ಳುತ್ತೆ, ಕೆಳಗೆ ಬಂದಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತೆ. ಆ ಪಂಪಿಗೆ ಎಲ್ಲಾದರೂ ತೂತಿದ್ದರೆ ಪೆಟ್ರೋಲ್ ಇಲ್ಲದ ಬರೀ ಗಾಳಿ ಸೇರುತ್ತೆ. ತಣ್ಣಗಿದ್ದಾಗ ಚೋಕ್ ಎಳೆದಿರ್ತೀಯಾ, ಗೊತ್ತಾಗಲ್ಲ. ಬಿಸಿಯಾದಂತೆ ಸೀಲಿನ ಸಂದಿ ದೊಡ್ಡದಾಗುತ್ತೆ, ಕೊನೆಗೆ ಕಿಡಿಗೆ ಹತ್ತಿಕೊಳ್ಳೋಕೆ ಪೆಟ್ರೋಲೇ ಸಾಲಲ್ಲ. ಹಿಂಗೇ ಓಡಿಸಿದರೆ ಹೊಸ ಪಿಸ್ಟನ್ ಜಾಮ್ ಆಗೋದು ಗ್ಯಾರಂಟಿ, ಅದಕ್ಕೇ ಗಾಡಿ ಮುಟ್ಟಬೇಡ ಈಗ.

ನೀನು ಮಾಡಿದ್ದರಲ್ಲಿ ಎರಡು ಅದನ್ನ ಇನ್ನೂ ಕೆಡಿಸಿವೆ. ಆ ಕೋನ್ ಫಿಲ್ಟರ್ ಗಾಳಿ ಜಾಸ್ತಿ ಬಿಡುತ್ತೆ, ಪೆಟ್ರೋಲ್ ಅಳೆದು ಬಿಡೋ ಜೆಟ್ ಹಳೇದೇ ಇದೆ. ಮತ್ತೆ ಆಯಿಲ್ 60 ಎಂಎಲ್. ಬಾಟಲಿಯಲ್ಲಿ ಆಯಿಲ್ ಜಾಸ್ತಿ ಆದಷ್ಟೂ ಪೆಟ್ರೋಲ್ ಕಡಿಮೆ ತಾನೆ? ಲೀಟರ್‌ಗೆ 40 ಎಂಎಲ್ ಸಾಕು, ಹೊಸ ಬೋರಿಗೂ.

ಈಗ ತೂತು ಎಲ್ಲಿ? ನಿನ್ನ ಗಾಡಿಯ ಎಡಗಡೆ ಕ್ಲಚ್, ಬಲಗಡೆ ಡೈನಮೋ. ಎಡಗಡೆ ಸೀಲ್ ಹೋಗಿದ್ದರೆ ಗಾಳಿ ಅಲ್ಲ, ಗೇರ್ ಆಯಿಲ್ ಎಳೆಯುತ್ತೆ. ಹಿಂದೆ ಬರೋರಿಗೆ ದಾರಿ ಕಾಣದಷ್ಟು ಬಿಳಿ ಹೊಗೆ, ಗೇರ್ ಆಯಿಲ್ ವಾರಕ್ಕೊಮ್ಮೆ ಕಡಿಮೆ. ನೀನು ಹೊಗೆ ಬಗ್ಗೆ ಏನೂ ಬರೆದಿಲ್ಲ. ಹಾಗಾಗಿ ನನ್ನ ಅನುಮಾನ ಬಲಗಡೆ. ಅನುಮಾನ ಅಷ್ಟೇ, ಬಿಚ್ಚಬೇಡ ಇನ್ನೂ.

ತೂತು ಹುಡುಕೋಕೆ ಚಾಲೂ ಎಂಜಿನ್ ಮೇಲೆ ಬೆಂಕಿ ಹತ್ತೋ ಸ್ಪ್ರೇ ಹೊಡೆದು ನೋಡು ಅಂತ ಯಾರಾದರೂ ಅಂದಾರು. ಡೈನಮೋ ಕಡೆ ಅದನ್ನ ಮಾಡಲೇಬೇಡ. ಅಲ್ಲಿ ಪಾಯಿಂಟ್ ಕಿಡಿ ಹಾರಿಸ್ತಾ ಇರುತ್ತೆ, ಮುಖ ಸುಟ್ಟುಕೊಳ್ತೀಯಾ. ಮನೇಲಿ ಡಯಲ್ ಇರೋ ಹಳೇ ಬಿಪಿ ಮಶೀನು ಇದೆಯಾ?

ಅಣ್ಣಿಗೇರಿ ಹುಡುಗ

ಕಾಕಾ, ಅಪ್ಪನದು ಇದೆ. ಹೊಗೆ ಸ್ವಲ್ಪವೇ, ಗೇರ್ ಆಯಿಲ್ ಇಳಿದಿಲ್ಲ.

ಹಾವೇರಿ ಕಾಕಾ

ಸಾಕು. ಬಟ್ಟೆ ಪಟ್ಟಿ ಬಿಚ್ಚಿ ತೆಗೆ, ಬಲ್ಬು ಡಯಲ್ಲು ಮಾತ್ರ ಬೇಕು. ಒಂದು ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಚಿಪ್ಪಿಗೆ ಬಿಪಿ ನಳಿಕೆ ತೂರಿಸಿ ಎಂ-ಸೀಲ್ ಮೆತ್ತು. ಅದನ್ನ ಹೆಡ್‌ಗೆ ಹಾಕು. ಕಾರ್ಬೊರೇಟರ್ ಬಿಚ್ಚಿ ಆ ತೂತಿಗೆ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು ಪಟ್ಟಿ ಬಿಗಿ. ಸೈಲೆನ್ಸರ್ ಎರಡು ಅನ್ನೋದು ನೆನಪಿರಲಿ, ಎರಡೂ ಬಾಯಿ ಮುಚ್ಚಬೇಕು. ಪಿಸ್ಟನ್ ಪೂರ್ತಿ ಕೆಳಗೆ ಇಳಿಸು, ಆಗ ಮೇಲಿನ ಗಾಳಿ ಕ್ರ್ಯಾಂಕ್ ಕೇಸಿಗೂ ಹೋಗುತ್ತೆ.

ಬಲ್ಬು ಒತ್ತಿ 250ಕ್ಕೆ ತಾ. ಅದು ಐದು ಪಿಎಸ್‌ಐಗಿಂತ ಸ್ವಲ್ಪ ಕಡಿಮೆ. ನಿಮಿಷದಲ್ಲಿ 50ಕ್ಕಿಂತ ಕಡಿಮೆ ಇಳಿದರೆ ನಡೆಯುತ್ತೆ. ಟೈರ್ ಪಂಪು ಮಾತ್ರ ಹಚ್ಚಬೇಡ, ಒಳ್ಳೇ ಸೀಲೂ ಹೊರಗೆ ಹಾರುತ್ತೆ. ಮುಳ್ಳು ಬೇಗ ಇಳಿದರೆ ಸಾಬೂನು ನೊರೆ ಬ್ರಶ್‌ನಲ್ಲಿ ಹಚ್ಚುತ್ತಾ ಬಾ.

ಅಣ್ಣಿಗೇರಿ ಹುಡುಗ

ಎರಡು ರಾತ್ರಿ ಹೋಯ್ತು ಇದಕ್ಕೆ, ಆದ್ರೆ ಸಿಕ್ಕಿತು!

ಮೊದಲ ರಾತ್ರಿ 250ಕ್ಕೆ ಏರಲೇ ಇಲ್ಲ. ನೋಡಿದರೆ ಎಡಗಡೆ ಸೈಲೆನ್ಸರ್ ಬಾಯಿಗೆ ಇಟ್ಟ ರಬ್ಬರ್ ಪಕ್ಕದಿಂದಲೇ ಗುಳುಗುಳು ನೊರೆ. ನನ್ನದೇ ತಪ್ಪು. ಎರಡನೇ ರಾತ್ರಿ ದಪ್ಪ ರಬ್ಬರ್ ಇಟ್ಟು, ಮೇಲೆ ತಗಡಿನ ತುಂಡು ಬಿಗಿದು ಮತ್ತೆ ಬಲ್ಬು ಒತ್ತಿದೆ. 250. ಎಣಿಸ್ತಾ ಕೂತೆ, ಇಪ್ಪತ್ತೈದು ಎಣಿಸೋದರೊಳಗೆ 60.

ಹೆಡ್, ಸಿಲಿಂಡರ್ ಬುಡ, ಇನ್‌ಲೆಟ್ ಎಲ್ಲ ಕಡೆ ನೊರೆ ಹಚ್ಚಿದೆ, ಒಂದು ಗುಳ್ಳೆಯೂ ಇಲ್ಲ. ಬಲಗಡೆ ಕವರ್ ತೆಗೆದು, ಡೈನಮೋದ ಬ್ರಶ್ ಎತ್ತಿ, ಅದರ ತಿರುಗದ ಭಾಗ ಸ್ಟೇಟರ್ ತೆಗೆದೆ. ಶಾಫ್ಟಿನ ಜೊತೆ ತಿರುಗುವ ರೋಟರ್ ಬಾರದೆ ಸತಾಯಿಸಿತು. ಪಕ್ಕದ ಮನೆಯವರು ಸುತ್ತಿಗೆ ತಂದರು, ನಾನು ಬೇಡ ಅಂದೆ. ನಡುವಿನ ಬೋಲ್ಟ್ ಬಿಚ್ಚಿ ಅದೇ ತೂತಿಗೆ ದಪ್ಪ ಬೋಲ್ಟ್ ಹಾಕಿ ತಿರುಗಿಸಿದರೆ ಟಕ್ ಅಂತ ಬಂತು. ಅದರ ಹಿಂದೆ ಇದ್ದ ಸೀಲಿಗೆ ನೊರೆ ಹಚ್ಚಿ ಬಲ್ಬು ಒತ್ತಿದರೆ ಶಾಫ್ಟಿನ ಸುತ್ತ ದೊಡ್ಡ ದೊಡ್ಡ ಗುಳ್ಳೆ. ಸೋಪಿನ ನೀರಲ್ಲಿ ಮಕ್ಕಳು ಊದ್ತಾರಲ್ಲ, ಹಾಗೆ.

ಆದ್ರೆ ಕಾಕಾ, ಸೀಲ್ ಹೊಸದೇ ಇದೆ. ಬಿಲ್ಲಲ್ಲಿ ಬರೆದದ್ದು ಸುಳ್ಳಲ್ಲ. ಅದರ ಸಣ್ಣ ಸ್ಪ್ರಿಂಗ್ ಇರುವ ಮೈ ನನ್ನ ಕಡೆ ಕಾಣ್ತಿದೆ, ಅದು ಸರಿನಾ?

ಹಾವೇರಿ ಕಾಕಾ

ಉಲ್ಟಾ ಹಾಕಿದ್ದಾರೆ! ಒತ್ತಡ ಯಾವ ಕಡೆ ಇದೆಯೋ ಸ್ಪ್ರಿಂಗ್ ಆ ಕಡೆ ಇರಬೇಕು, ಅಂದ್ರೆ ಕ್ರ್ಯಾಂಕ್ ಕಡೆಗೆ. ಒಳಗಿನ ಒತ್ತಡ ಸೀಲಿನ ತುಟಿಯನ್ನ (ಒಳ ಅಂಚನ್ನ) ಶಾಫ್ಟಿಗೆ ಅಮುಕುತ್ತೆ. ಉಲ್ಟಾ ಆದರೆ ಅದೇ ಒತ್ತಡ ತುಟಿಯನ್ನ ಎತ್ತುತ್ತೆ.

ಹಳೇದನ್ನ ತಿರುಗಿಸಿ ಹಾಕಬೇಡ, ಶಾಫ್ಟಿನ ಗುರುತು ಬಿದ್ದಿರುತ್ತೆ. ಸೀಲಿನ ಮೇಲೆ ಮೂರು ಅಂಕಿ ಇರುತ್ತೆ, ಒಳ ಅಳತೆ, ಹೊರ ಅಳತೆ, ದಪ್ಪ. ಬೇರಿಂಗ್ ಅಂಗಡಿಗೆ ಹೋಗಿ ಆ ಅಂಕಿ ಹೇಳಿ ವೈಟಾನ್ ಸೀಲ್ ಕೇಳು. ರೇಟು ಜಾಸ್ತಿ, ಆದ್ರೆ ಬಿಸಿ ತಡೆಯುತ್ತೆ, ಈಗಿನ ಎಥನಾಲ್ ಪೆಟ್ರೋಲನ್ನೂ ತಡೆಯುತ್ತೆ. ತುಟಿಗೆ ಗ್ರೀಸ್ ಸವರಿ, ಶಾಫ್ಟಿನ ಅಂಚಿಗೆ ಟೇಪ್ ಸುತ್ತಿ ಮೆಲ್ಲಗೆ ಜಾರಿಸು. ಆಮೇಲೆ ಟೇಪ್ ತೆಗೆಯೋದು ಮರೀಬೇಡ.

ಸ್ಟೇಟರ್ ಬಿಚ್ಚಿದ ಮೇಲೆ ಟೈಮಿಂಗ್, ಅಂದ್ರೆ ಕಿಡಿ ಹಾರೋ ಹೊತ್ತು, ಮತ್ತೆ ನೋಡಲೇಬೇಕು. ಪಾಯಿಂಟ್ ಗ್ಯಾಪ್ 0.4 ಮಿಮೀ. ಪಿಸ್ಟನ್ ಮೇಲಿನ ತುದಿಗೆ ಬರೋಕೆ 3 ಮಿಮೀ ಇರುವಾಗ ಪಾಯಿಂಟ್ ತೆರೆಯಬೇಕು. ಸಿಗರೇಟ್ ಪ್ಯಾಕಿನ ತೆಳು ಕಾಗದ ಪಾಯಿಂಟ್ ನಡುವೆ ಇಟ್ಟು ಮೆಲ್ಲಗೆ ಎಳೀತಾ ತಿರುಗಿಸು, ಅದು ಬಿಟ್ಟ ಜಾಗವೇ ಟೈಮಿಂಗ್.

ಕೆಎ-63 ಕಿಕ್ಕರ್

ಯಾವ ಗ್ಯಾರೇಜ್ ಅದು? ಹೆಸರು ಹೇಳಿ, ನಾವಾದರೂ ಹುಷಾರಾಗಿರ್ತೀವಿ.

ಅಣ್ಣಿಗೇರಿ ಹುಡುಗ

ಹೆಸರು ಬೇಡ ಬಿಡಿ. ಬೋರ್ ಕೆಲಸ ನಿಜಕ್ಕೂ ಚೆನ್ನಾಗಿ ಮಾಡಿದ್ದಾರೆ. ಹೋಗಿ ಸೀಲ್ ತೋರಿಸಿದೆ, ಹೊಸ ಹುಡುಗ ಹಾಕಿದ್ದು ಅಂತ ಒಪ್ಪಿಕೊಂಡು ಚಹಾ ಕುಡಿಸಿದರು. ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಎರಡು ಸ್ಟ್ರೋಕ್ (ಗದಗ)

ಸೀಲ್ ಹಾಕಿದ ಮೇಲೆ ಮತ್ತೊಮ್ಮೆ ಬಿಪಿ ನೋಡಿಯೇ ಗಾಡಿ ಚಾಲೂ ಮಾಡಿ. ಎಥನಾಲ್ ಪೆಟ್ರೋಲಿಗೆ ಅದೇ ಗಾಳಿಗೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಬೇಕು. ಫಿಲ್ಟರ್ ಡಬ್ಬಿ ವಾಪಸ್ ಹಾಕಿದ ಮೇಲೂ ಪ್ಲಗ್ ಬೆಳ್ಳಗೇ ಬಂದರೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ ನೋಡಿ. ಮಳೆಗಾಲದಲ್ಲಿ ನಿಲ್ಲಿಸೋದಿದ್ದರೆ ಕಾರ್ಬೊರೇಟರ್ ಖಾಲಿ ಮಾಡಿಡಿ, ಎಥನಾಲ್ ನೀರು ಎಳೆದುಕೊಳ್ಳುತ್ತೆ. ಬಣ್ಣ ಬದಲಿಸಿದ್ದರೆ ಆರ್‌ಸಿಯಲ್ಲೂ ಬದಲಿಸಿ.

ಅಣ್ಣಿಗೇರಿ ಹುಡುಗ

ಬಣ್ಣ ಅಜ್ಜನ ಕಾಲದ ಮರೂನೇ ಇದೆ, ಆ ಚಿಂತೆ ಇಲ್ಲ.

ಸೀಲ್ ಹಾಕಿ ಬಿಪಿ ನೋಡಿದೆ, ನಿಮಿಷದಲ್ಲಿ 250ರಿಂದ 235. ಫಿಲ್ಟರ್ ಡಬ್ಬಿಗೆ ತಗಡಿನ ತೇಪೆ ಹಾಕಿಸಿ ವಾಪಸ್ ಕೂರಿಸಿದೆ. ಆಯಿಲ್ 40 ಎಂಎಲ್. ಇವತ್ತು ಬೆಳಿಗ್ಗೆ ಧಾರವಾಡಕ್ಕೆ ಹೋಗಿ, ಅಲ್ಲಿ ಹತ್ತು ನಿಮಿಷವೂ ನಿಲ್ಲಿಸದೆ ವಾಪಸ್ ಬಂದೆ. ರೇಸ್ ಆಗಲಿಲ್ಲ, ಕೆಮ್ಮಲಿಲ್ಲ. ಪ್ಲಗ್ ತಿಳಿ ಬೆಲ್ಲದ ಬಣ್ಣಕ್ಕೆ ಬಂದಿದೆ, ಅಂಚಿನಲ್ಲಿ ಇನ್ನೂ ಸ್ವಲ್ಪ ಬಿಳುಪು, ಜೆಟ್ ಮುಂದಿನ ವಾರ ನೋಡುತ್ತೇನೆ.

ಬರುವಾಗ ನವಲೂರಲ್ಲಿ ನಾನೇ ನಿಲ್ಲಿಸಿದೆ. ಪೇರಲ ಹಣ್ಣಿನ ಅಮ್ಮ ಕೇಳುವ ಮೊದಲೇ ಛತ್ರಿ ಎತ್ತಿಕೊಂಡು ಎದ್ದರು.

ಅಪ್ಪನಿಗೆ ಹೊಸ ಬಿಪಿ ಮಶೀನು ಕೊಡಿಸಬೇಕಾಯ್ತು. ಹಳೇದರ ನಳಿಕೆ ತುಂಬ ಎರಡು ಸ್ಟ್ರೋಕ್ ಆಯಿಲ್ ವಾಸನೆ. ಕಾಕಾ, ಅದನ್ನ ಹಂಗೇ ತೆಗೆದಿಟ್ಟಿದ್ದೇನೆ, ಈ ಕಡೆ ಯಾರಿಗಾದರೂ ಬೇಕಿದ್ದರೆ ಬಂದು ಒಯ್ಯಬಹುದು.