ಸಹಾಯ ಬೇಕು: ನಮ್ಮ ಕಡೆಯವರು ಸೋತರು, ಭಾನುವಾರ ಭಾವನ ಮನೆ ಗೃಹಪ್ರವೇಶ

ಎಲ್ಲರಿಗೂ ನಮಸ್ಕಾರ. ಯಾವ ಪಕ್ಷ ಅಂತ ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ.

2023ರ ವಿಧಾನಸಭಾ ಚುನಾವಣೆಯಲ್ಲಿ ಮೇ 10ರ ಮತದಾನಕ್ಕೆ ಮೊದಲು ಹದಿನೈದು ದಿನ ರಜೆ ಹಾಕಿ ಮನೆ ಮನೆಗೆ ಹೋಗಿ ಓಟಿನ ಚೀಟಿ ಹಂಚಿದ್ದೆ. ಬಿಸಿಲಿಗೆ ಮುಖ ಕಪ್ಪಾಯಿತು. 13ರಂದು ಮಧ್ಯಾಹ್ನದ ಹೊತ್ತಿಗೆ ನಮ್ಮ ಅಭ್ಯರ್ಥಿ ಸೋಲುವುದು ಖಚಿತವಾಯಿತು. ಟಿವಿ ಆರಿಸಿದವನು ಇನ್ನೂ ಹಾಕಿಲ್ಲ. ಊಟ ಸೇರುತ್ತಿಲ್ಲ. ರಾತ್ರಿ ಎರಡಕ್ಕೆ ಎದ್ದು ಬೂತ್‌ವಾರು ಲೆಕ್ಕ ನೋಡುತ್ತಾ ಕೂರುತ್ತೇನೆ, ಅದರಿಂದ ಏನೂ ಬದಲಾಗಲ್ಲ ಅಂತ ಗೊತ್ತಿದ್ದರೂ.

ಏನೇನೋ ಮಾಡಿ ನೋಡಿದೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪ್ ಮ್ಯೂಟ್ ಮಾಡಿದೆ. ಬೆಳಿಗ್ಗೆ ವಾಕಿಂಗ್ ಶುರು ಮಾಡಿದೆ, ಅಲ್ಲೂ ಅದೇ ಮಾತು! ಗೆಳೆಯನೊಬ್ಬ ರಾಜಕಾರಣಿ ಎ.ಆರ್. ಕೃಷ್ಣಮೂರ್ತಿ ಅವರ ಉದಾಹರಣೆ ಕೊಟ್ಟ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಓಟಿನಿಂದ ಸೋತವರು, ಈ ಸಲ ಕೊಳ್ಳೇಗಾಲದಿಂದ ಗೆದ್ದಿದ್ದಾರೆ. ನಿಜ. ಆದರೆ 19 ವರ್ಷ ಕಾಯುವ ತಾಳ್ಮೆ ನನಗಿಲ್ಲ ಮಾರಾಯ್ರೆ.

ಈಗ ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಭಾನುವಾರ ಅಕ್ಕನ ಹೊಸ ಮನೆ ಗೃಹಪ್ರವೇಶ. ಭಾವ ಗೆದ್ದ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಪಂಕ್ತಿಯಲ್ಲಿ ನೂರು ಜನರ ಮುಂದೆ ಕಾಲೆಳೆಯದೆ ಬಿಡುವುದಿಲ್ಲ. ಹೋದ ಸಲ ಅವರು ಸೋತಾಗ ನಾನೂ ಹಾಗೇ ಮಾಡಿದ್ದೆ ಅನ್ನಿ. ಈಗ ನನಗೆ ನಗುವ ಶಕ್ತಿ ಇಲ್ಲ, ಸಿಟ್ಟು ಬಂದು ಏನಾದರೂ ಅಂದುಬಿಟ್ಟರೆ ಅಕ್ಕನ ಸಂಭ್ರಮ ಹಾಳು.

ಮೊದಲೇ ಭಾವನಿಗೆ ಫೋನ್ ಮಾಡಿ "ಆ ವಿಷಯ ಎತ್ತಬೇಡಿ" ಅಂತ ಹೇಳಲಾ? ಇಲ್ಲ ಸುಮ್ನೆ ಹೋಗಿ, ಅವರು ಅಂದಾಗ ನಕ್ಕು ಸುಮ್ಮನಿರಲಾ? ನಿಮ್ಮ ಮನೆಯಲ್ಲಿ ಹೀಗಾದಾಗ ಯಾವುದು ಕೆಲಸ ಮಾಡಿತು, ಹೇಳ್ತೀರಾ?